ಕಾನೂನು ಜರ್ನಲ್‌ಗೆ ಲೇಖನ ಕಳುಹಿಸುವುದು ಹೇಗೆ: ಪ್ರಶ್ನೆ ಹುಡುಕುವುದರಿಂದ ಕರಾರಿನ ಸಹಿಯವರೆಗೆ

2025ರ ಫೆಬ್ರವರಿಯಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ‘ಯುಜಿಸಿ ಕೇರ್’ ಹೆಸರಿನ ಜರ್ನಲ್ ಪಟ್ಟಿಯನ್ನು ಕೈಬಿಟ್ಟಿತು. ಆ ಪಟ್ಟಿ ಇರುವವರೆಗೆ ಕಾನೂನು ಕಾಲೇಜಿನ ಅಧ್ಯಾಪಕರಾಗಲಿ, ಪಿಎಚ್.ಡಿ. ಸಂಶೋಧಕರಾಗಲಿ ಒಂದು ಜರ್ನಲ್ ನಂಬಿಕೆಗೆ ಅರ್ಹವೇ ಎಂದು ತಿಳಿಯಲು ಅದರ ಹೆಸರು ಪಟ್ಟಿಯಲ್ಲಿದೆಯೇ ಎಂದು ನೋಡಿದರೆ ಸಾಕಾಗುತ್ತಿತ್ತು. ಈಗ ಆಯೋಗ ಕೆಲವು ಮಾನದಂಡಗಳನ್ನಷ್ಟೇ ಸೂಚಿಸಿ, ಆಯ್ಕೆಯ ಹೊಣೆಯನ್ನು ಬರೆಯುವವರಿಗೂ ಅವರ ಸಂಸ್ಥೆಗಳಿಗೂ ಬಿಟ್ಟಿದೆ. ಇದೇ ಹೊತ್ತಿಗೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಮತ್ತು ಅದರ ಜೊತೆಯ ಎರಡು ಕಾನೂನುಗಳಿಂದಾಗಿ, ಇನ್ನೂ ಯಾರೂ ಕೂಲಂಕಷವಾಗಿ ಬರೆಯದ ಪ್ರಶ್ನೆಗಳು ಪ್ರತಿ ತಾಲ್ಲೂಕು ನ್ಯಾಯಾಲಯದಲ್ಲೂ ಎದುರಾಗುತ್ತಿವೆ. ಬರೆಯಲು ವಿಷಯವಿದೆ, ಬರೆಯುವ ಆಸಕ್ತಿಯೂ ಇದೆ. ಎಲ್ಲಿಗೆ, ಹೇಗೆ ಕಳುಹಿಸಬೇಕು ಎಂಬುದನ್ನು ಮಾತ್ರ ಕಾಲೇಜಿನಲ್ಲಿ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರುವುದಿಲ್ಲ.

ಜರ್ನಲ್‌ಗಳ ನಿಯಮಗಳು ಹೊರಗಿನಿಂದ ನೋಡುವವರಿಗೆ ವಿಚಿತ್ರವಾಗಿ ಕಾಣುತ್ತವೆ. ಹೆಸರು ತೆಗೆಯಿರಿ, ಅಲ್ಪವಿರಾಮ ತೆಗೆಯಿರಿ, ಪುಟಸಂಖ್ಯೆ ಸೇರಿಸಿ, ಬೇರೆಲ್ಲೂ ಕಳುಹಿಸಬೇಡಿ. ಇವುಗಳ ಹಿಂದಿರುವ ಉದ್ದೇಶ ಬಹುಮಟ್ಟಿಗೆ ಒಂದೇ. ಲೇಖಕರು ಹೇಳಿದ ಪ್ರತಿಯೊಂದು ಮಾತನ್ನೂ ಬೇರೊಬ್ಬರು, ಲೇಖಕರ ಸಹಾಯವಿಲ್ಲದೆ, ತಾವೇ ಪರಿಶೀಲಿಸಲು ಸಾಧ್ಯವಾಗಬೇಕು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವಿವರಗಳು ತಾವಾಗಿ ಅರ್ಥವಾಗುತ್ತವೆ.

ಕಾನೂನು ವರದಿ ಬೇರೆ, ಕಾನೂನು ಜರ್ನಲ್ ಬೇರೆ

ವಕೀಲರ ಕಚೇರಿಯ ಕಪಾಟಿನಲ್ಲಿ ಸಾಲಾಗಿ ನಿಂತಿರುವ ಐಎಲ್‌ಆರ್ ಕರ್ನಾಟಕ, ಎಐಆರ್, ಎಸ್‌ಸಿಸಿ ಸಂಪುಟಗಳು ಮುಖ್ಯವಾಗಿ ಕಾನೂನು ವರದಿಗಳು. ನ್ಯಾಯಾಲಯ ಏನು ಹೇಳಿತು ಎಂಬುದನ್ನು ಅವು ದಾಖಲಿಸುತ್ತವೆ. ನ್ಯಾಯಾಲಯ ಹೇಳಿದ್ದು ಸರಿಯೇ, ಹಿಂದಿನ ತೀರ್ಪಿಗೆ ಹೊಂದುತ್ತದೆಯೇ, ಶಾಸನ ಬರೆದವರು ಯಾವುದನ್ನು ಗಮನಿಸದೆ ಬಿಟ್ಟರು ಎಂದು ವಾದಿಸುವ ಬರಹಗಳಿಗೆ ಇರುವ ಜಾಗ ಕಾನೂನು ಜರ್ನಲ್. ಹೆಸರನ್ನು ನೋಡಿ ಮೋಸಹೋಗಬಾರದು: ‘ಕರ್ನಾಟಕ ಲಾ ಜರ್ನಲ್’ ಎಂಬ ಹೆಸರಿನಲ್ಲಿ ಜರ್ನಲ್ ಇದ್ದರೂ ವಕೀಲರು ಅದನ್ನು ತೆರೆಯುವುದು ತೀರ್ಪುಗಳಿಗಾಗಿ.

ಇಂಥ ಬರಹ ಯಾರಿಗೆ ಬೇಕು ಎಂಬ ಪ್ರಶ್ನೆಗೆ ಒಂದು ಉದಾಹರಣೆ ಸಾಕು. ಬಾಸ್ಟನ್ನಿನಲ್ಲಿ ಜೊತೆಯಾಗಿ ವಕೀಲಿಕೆ ಆರಂಭಿಸಿದ್ದ ಸ್ಯಾಮ್ಯುಯೆಲ್ ವಾರೆನ್ ಮತ್ತು ಲೂಯಿ ಬ್ರಾಂಡೈಸ್ ಎಂಬ ಇಬ್ಬರು 1890ರ ಡಿಸೆಂಬರ್‌ನಲ್ಲಿ ಹಾರ್ವರ್ಡ್ ಲಾ ರಿವ್ಯೂದಲ್ಲಿ ಖಾಸಗಿತನದ ಹಕ್ಕಿನ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಅದು ಮೂವತ್ತು ಪುಟವನ್ನೂ ಮೀರುವುದಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಹೂಡಿದ ಪ್ರಕರಣದಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದಾಗ, ಆ ಲೇಖನವನ್ನು ಉಲ್ಲೇಖಿಸಿತು. ನೂರಿಪ್ಪತ್ತೇಳು ವರ್ಷಗಳ ಹಿಂದಿನ ಬರಹ ದೆಹಲಿಯಲ್ಲಿ ಕೈಗೆ ಸಿಕ್ಕಿದ್ದು ಅದರ ಸಂಪುಟ ಮತ್ತು ಪುಟಸಂಖ್ಯೆ ಕೆಡದೆ ಉಳಿದಿದ್ದರಿಂದ.

ಓದುವವರು ಯಾರು

ಜರ್ನಲ್‌ಗಳಲ್ಲಿ ಎರಡು ಬಗೆ. ಒಂದನ್ನು ವಿದ್ಯಾರ್ಥಿಗಳೇ ಸಂಪಾದಿಸುತ್ತಾರೆ. 1887ರಲ್ಲಿ ಆರಂಭವಾದ ಹಾರ್ವರ್ಡ್ ಲಾ ರಿವ್ಯೂ ಈ ಪರಂಪರೆಯ ದೊಡ್ಡ ಹೆಸರು. ಬೆಂಗಳೂರಿನ ನಾಗರಭಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಯ ‘ನ್ಯಾಷನಲ್ ಲಾ ಸ್ಕೂಲ್ ಆಫ್ ಇಂಡಿಯಾ ರಿವ್ಯೂ’ ಮತ್ತು ‘ಇಂಡಿಯನ್ ಜರ್ನಲ್ ಆಫ್ ಲಾ ಅಂಡ್ ಟೆಕ್ನಾಲಜಿ’ ಕೂಡ ವಿದ್ಯಾರ್ಥಿ ಸಂಪಾದಿತವೇ. ಇನ್ನೊಂದನ್ನು ಪ್ರಾಧ್ಯಾಪಕರು ನಡೆಸುತ್ತಾರೆ. ದೆಹಲಿಯ ಭಾರತೀಯ ಕಾನೂನು ಸಂಸ್ಥೆಯ ತ್ರೈಮಾಸಿಕ ಈ ಬಗೆಯದು. ವಿದ್ಯಾರ್ಥಿಗಳು ನಡೆಸುವುದೆಂದರೆ ಹಗುರವಾದದ್ದು ಎಂಬ ಭಾವನೆ ನಮ್ಮಲ್ಲಿ ಬೇಗ ಹುಟ್ಟುತ್ತದೆ, ಅದು ತಪ್ಪು. ಅಡಿಟಿಪ್ಪಣಿಗಳನ್ನು ಒಂದೊಂದಾಗಿ ಮೂಲದೊಡನೆ ತಾಳೆ ನೋಡುವ ಕೆಲಸವನ್ನು ಒಳ್ಳೆಯ ವಿದ್ಯಾರ್ಥಿ ಮಂಡಳಿಗಳು ಮಾಡುವಷ್ಟು ಪಟ್ಟುಹಿಡಿದು ಮಾಡುವವರು ಕಡಿಮೆ.

ಎರಡೂ ಬಗೆಯ ಹಲವು ಜರ್ನಲ್‌ಗಳಲ್ಲಿ ‘ಪರಾಮರ್ಶೆ’ ಎಂಬ ಘಟ್ಟ ಬರುತ್ತದೆ. ವಿಷಯ ಬಲ್ಲ ಒಬ್ಬರು ಅಥವಾ ಇಬ್ಬರಿಗೆ ಹಸ್ತಪ್ರತಿಯನ್ನು ಕೊಟ್ಟು ಅಭಿಪ್ರಾಯ ಕೇಳುವುದೇ ಪರಾಮರ್ಶೆ. ಹಸ್ತಪ್ರತಿ ಎಂದರೆ ಇಲ್ಲಿ ಕೈಬರಹವಲ್ಲ, ಇನ್ನೂ ಅಚ್ಚಾಗದ ಟೈಪು ಮಾಡಿದ ಪ್ರತಿ. ಲೇಖಕರು ಯಾರೆಂದು ಪರಾಮರ್ಶಕರಿಗೂ, ಪರಾಮರ್ಶಕರು ಯಾರೆಂದು ಲೇಖಕರಿಗೂ ತಿಳಿಯದಂತೆ ನಡೆಸುವುದು ಹೆಚ್ಚಿನ ಕಡೆ ರೂಢಿ. ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಉತ್ತರಪತ್ರಿಕೆಯ ಮೇಲಿನ ನೋಂದಣಿ ಸಂಖ್ಯೆಯನ್ನು ಮರೆಮಾಡಿ, ಕೋಡ್ ಹಾಕಿ ಮೌಲ್ಯಮಾಪನಕ್ಕೆ ಕಳುಹಿಸುತ್ತಾರಲ್ಲ, ಹಾಗೆ. ಹಿರಿಯ ವಕೀಲರ ಬರಹಕ್ಕೂ ನಾಲ್ಕನೇ ವರ್ಷದ ವಿದ್ಯಾರ್ಥಿಯ ಬರಹಕ್ಕೂ ಒಂದೇ ಅಳತೆ ಸಿಗಲಿ ಎಂಬುದು ಉದ್ದೇಶ.

ವಿಷಯ ಸಾಲದು, ಪ್ರಶ್ನೆ ಬೇಕು

ಹಸ್ತಪ್ರತಿಗಳು ಮೊದಲ ಹಂತದಲ್ಲೇ ಮರಳಿ ಬರುವುದಕ್ಕೆ ದೊಡ್ಡ ಕಾರಣ ಭಾಷೆಯಲ್ಲ. ಲೇಖನಕ್ಕೆ ವಿಷಯವಿರುತ್ತದೆ, ಪ್ರಶ್ನೆ ಇರುವುದಿಲ್ಲ.

ಕರ್ನಾಟಕದ್ದೇ ಒಂದು ಕಾನೂನನ್ನು ತೆಗೆದುಕೊಳ್ಳೋಣ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಷರತ್ತು ಮೀರಿ ಪರಭಾರೆಯಾದರೆ ಅದನ್ನು ಮರಳಿ ಕೊಡಿಸುವ 1978ರ ಕಾಯ್ದೆಯನ್ನು ಜನ ಪಿಟಿಸಿಎಲ್ ಕಾಯ್ದೆ ಎಂದೇ ಕರೆಯುತ್ತಾರೆ. ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1984ರಲ್ಲಿ ಈ ಕಾಯ್ದೆಯ ಸಿಂಧುತ್ವವನ್ನು ಎತ್ತಿಹಿಡಿಯಿತು. ಕಾಯ್ದೆಯಲ್ಲಿ ಅರ್ಜಿ ಹಾಕಲು ಕಾಲಮಿತಿ ಹೇಳಿರಲಿಲ್ಲ. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಕಾಲಮಿತಿ ಇಲ್ಲದಿದ್ದರೂ ಸಮಂಜಸ ಅವಧಿಯೊಳಗೆ ಅರ್ಜಿ ಸಲ್ಲಿಸಬೇಕು ಎಂದಿತು. ಅದರ ಆಧಾರದ ಮೇಲೆ ತಡವಾಗಿ ಬಂದ ಅರ್ಜಿಗಳು ಬಿದ್ದುಹೋಗತೊಡಗಿದವು. 2023ರಲ್ಲಿ ರಾಜ್ಯ ವಿಧಾನಮಂಡಲ 5ನೇ ಕಲಮಿಗೆ ತಿದ್ದುಪಡಿ ತಂದು, ಈ ಕಾಯ್ದೆಯನ್ನು ಬಳಸಲು ಕಾಲಮಿತಿಯೇ ಇಲ್ಲ ಎಂದು ಬರೆಯಿತು.

‘ಪಿಟಿಸಿಎಲ್ ಕಾಯ್ದೆ: ಒಂದು ಅಧ್ಯಯನ’ ಎಂಬುದು ವಿಷಯ. ಅದರಲ್ಲಿ ಕಾಯ್ದೆಯ ಇತಿಹಾಸ, ಕಲಮುಗಳ ಸಾರಾಂಶ, ಹತ್ತು ತೀರ್ಪುಗಳ ಪಟ್ಟಿ, ಕೊನೆಗೆ ಕಾಯ್ದೆ ಪರಿಣಾಮಕಾರಿಯಾಗಿ ಜಾರಿಯಾಗಬೇಕು ಎಂಬ ಮಾತು ಬರುತ್ತದೆ. ಓದಿದವರಿಗೆ ಹೊಸದೇನೂ ಸಿಗುವುದಿಲ್ಲ. ‘ಕಾಲಮಿತಿ ಇಲ್ಲ ಎಂದು ಶಾಸನವೇ ಹೇಳಿದ ಮೇಲೂ, ಸಮಂಜಸ ಅವಧಿ ಎಂಬ ನ್ಯಾಯಾಲಯದ ತತ್ವ ಉಳಿಯುತ್ತದೆಯೇ?’ ಎಂಬುದು ಪ್ರಶ್ನೆ. ಕಾಲಮಿತಿ ಮತ್ತು ಅನುಚಿತ ವಿಳಂಬ ಒಂದೇ ಪರಿಕಲ್ಪನೆಯೋ ಎರಡೋ ಎಂದು ಲೇಖಕರು ಈಗ ವಾದ ಮಾಡಲೇಬೇಕಾಗುತ್ತದೆ, ಮತ್ತು ಆ ವಾದವನ್ನು ಒಪ್ಪದಿರಲು ಓದುಗರಿಗೆ ಅವಕಾಶ ಸಿಗುತ್ತದೆ. ಉಪವಿಭಾಗಾಧಿಕಾರಿಯ ಮುಂದೆ ಇಂಥ ಅರ್ಜಿಗಳನ್ನು ನಡೆಸಿದ ತಾಲ್ಲೂಕು ವಕೀಲರಿಗೆ ಈ ಪ್ರಶ್ನೆಯ ಒಳಸುಳಿ ಗೊತ್ತಿರುತ್ತದೆ. ಅವರು ಬರೆಯದೆ ಉಳಿದರೆ ಆ ತಿಳಿವಳಿಕೆ ಜರ್ನಲ್‌ಗಳಿಗೆ ಬರುವುದೇ ಇಲ್ಲ.

ಪ್ರಶ್ನೆಯ ಗಾತ್ರಕ್ಕೆ ತಕ್ಕಂತೆ ಬರಹದ ಬಗೆಯನ್ನು ಆರಿಸಬೇಕು. ಪೂರ್ಣ ಲೇಖನ, ಕಿರುಲೇಖನ, ಒಂದು ತೀರ್ಪಿನ ಟಿಪ್ಪಣಿ, ಒಂದು ಶಾಸನದ ಟಿಪ್ಪಣಿ, ಪುಸ್ತಕ ವಿಮರ್ಶೆ ಎಂದು ಜರ್ನಲ್‌ಗಳು ವಿಂಗಡಿಸಿ, ಪ್ರತಿಯೊಂದಕ್ಕೂ ಪದಮಿತಿ ಹೇಳಿರುತ್ತವೆ. ಮೊದಲ ಸಲ ಬರೆಯುವವರಿಗೆ ತೀರ್ಪಿನ ಟಿಪ್ಪಣಿ ಒಳ್ಳೆಯ ಆರಂಭ, ಏಕೆಂದರೆ ಅದರ ಮೇರೆ ಸ್ಪಷ್ಟ. ಚಿಕ್ಕದು ಎಂದ ಮಾತ್ರಕ್ಕೆ ತೂಕ ಕಡಿಮೆಯಲ್ಲ. ಮಥುರಾ ಎಂಬ ಆದಿವಾಸಿ ಹುಡುಗಿಯ ಮೇಲಿನ ಅತ್ಯಾಚಾರದ ಪ್ರಕರಣದಲ್ಲಿ ಪೊಲೀಸರನ್ನು ಖುಲಾಸೆ ಮಾಡಿದ ಸುಪ್ರೀಂ ಕೋರ್ಟ್ ತೀರ್ಪನ್ನು 1979ರಲ್ಲಿ ಪ್ರಶ್ನಿಸಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ್ ಕೇಳ್ಕರ್ ಮತ್ತು ವಸುಧಾ ಧಾಗಮ್ವಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಭಾರತದ ಮುಖ್ಯ ನ್ಯಾಯಮೂರ್ತಿಗೆ ಬರೆದ ಬಹಿರಂಗ ಪತ್ರ ಎಸ್‌ಸಿಸಿಯ ಜರ್ನಲ್ ವಿಭಾಗದಲ್ಲಿ ಕೆಲವೇ ಪುಟಗಳಲ್ಲಿ ಅಚ್ಚಾಯಿತು. ಆ ಪತ್ರದಿಂದ ಕಾವೇರಿದ ಚರ್ಚೆ 1983ರ ಅಪರಾಧ ಕಾನೂನು ತಿದ್ದುಪಡಿಯವರೆಗೆ ಹೋಯಿತು.

ಅಡಿಟಿಪ್ಪಣಿ ಎಂಬ ಸರ್ವೆ ನಂಬರು

ಕಾನೂನು ಲೇಖನದ ಪುಟದಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗವನ್ನು ಅಡಿಟಿಪ್ಪಣಿಗಳೇ ತುಂಬಿರುವುದನ್ನು ಕಂಡು ಹೊಸಬರು ಗಾಬರಿಯಾಗುತ್ತಾರೆ. ಜಮೀನಿನ ಕ್ರಯಪತ್ರದಲ್ಲಿ ‘ಊರ ಮುಂದಿನ ಹೊಲ’ ಎಂದು ಬರೆದರೆ ನೋಂದಣಿಯಾಗುವುದಿಲ್ಲ; ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಚೆಕ್ಕುಬಂದಿ ಬೇಕು. ಆ ವಿವರ ಹಿಡಿದು ಹೊರಟ ಅಪರಿಚಿತರೂ ಅದೇ ಹೊಲದ ಬದುವಿನ ಮೇಲೆ ಹೋಗಿ ನಿಲ್ಲುತ್ತಾರೆ. ಅಡಿಟಿಪ್ಪಣಿ ಮಾಡುವುದೂ ಅದನ್ನೇ.

ಒಂದನ್ನು ಬಿಡಿಸಿ ನೋಡೋಣ: ‘ಕೇಶವಾನಂದ ಭಾರತಿ ವಿ. ಕೇರಳ ರಾಜ್ಯ, (1973) 4 ಎಸ್‌ಸಿಸಿ 225’. ಮೊದಲು ಪಕ್ಷಕಾರರ ಹೆಸರು. ಕೇಶವಾನಂದ ಭಾರತಿ ಅವರು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿಯಾಗಿದ್ದರು. ಸಂವಿಧಾನದ ಮೂಲ ಸ್ವರೂಪವನ್ನು ತಿದ್ದುಪಡಿಯಿಂದಲೂ ಬದಲಿಸಲಾಗದು ಎಂಬ ಸಿದ್ಧಾಂತಕ್ಕೆ ಕನ್ನಡ ನೆಲದ ಈ ಮಠದ ನಂಟಿದೆ ಎಂಬುದು ನಮ್ಮಲ್ಲೇ ಹಲವರಿಗೆ ತಿಳಿದಿಲ್ಲ. ಕಂಸದಲ್ಲಿರುವುದು ವರದಿಯ ವರ್ಷ, 4 ಎಂಬುದು ಆ ವರ್ಷದ ಸಂಪುಟ, ಎಸ್‌ಸಿಸಿ ಎಂಬುದು ವರದಿಯ ಹೆಸರು, 225 ಎಂಬುದು ತೀರ್ಪು ಆರಂಭವಾಗುವ ಪುಟ. ಇದೇ ತೀರ್ಪು ‘ಎಐಆರ್ 1973 ಎಸ್‌ಸಿ 1461’ ಎಂಬ ವಿಳಾಸದಲ್ಲೂ ಸಿಗುತ್ತದೆ. ಆದರೆ ನೂರಾರು ಪುಟಗಳ ತೀರ್ಪಿಗೆ ಆರಂಭದ ಪುಟವನ್ನಷ್ಟೇ ಕೊಟ್ಟರೆ ಊರಿನ ಹೆಸರು ಹೇಳಿ ಮನೆ ಹುಡುಕಿಕೊಳ್ಳಿ ಎಂದಂತೆ. ನಿರ್ದಿಷ್ಟ ಮಾತು ಯಾವ ನ್ಯಾಯಮೂರ್ತಿಯದು, ಯಾವ ಪ್ಯಾರಾದಲ್ಲಿದೆ ಎಂಬುದನ್ನೂ ಬರೆಯಬೇಕು. ಏಳು–ಆರರ ಬಹುಮತದಿಂದ ತೀರ್ಮಾನವಾದ ಈ ಪ್ರಕರಣದಲ್ಲಿ ಪ್ಯಾರಾ ಸಂಖ್ಯೆ ಕೊಡದಿದ್ದರೆ, ಅಲ್ಪಮತದ ಮಾತನ್ನೇ ನ್ಯಾಯಾಲಯದ ತೀರ್ಪೆಂದು ಓದುಗರು ಭಾವಿಸುವ ಅಪಾಯವಿದೆ.

2023ರಿಂದ ಸುಪ್ರೀಂ ಕೋರ್ಟ್ ತನ್ನ ತೀರ್ಪುಗಳಿಗೆ ‘2023 ಐಎನ್‌ಎಸ್‌ಸಿ 1’ ಎಂಬ ಮಾದರಿಯಲ್ಲಿ ತಾನೇ ಸಂಖ್ಯೆ ಕೊಡುತ್ತಿದೆ. ಇದನ್ನು ತಟಸ್ಥ ಉಲ್ಲೇಖ ಎನ್ನುತ್ತಾರೆ, ಯಾವ ಪ್ರಕಾಶಕರ ಪುಸ್ತಕವನ್ನೂ ಅದು ಅವಲಂಬಿಸುವುದಿಲ್ಲ. ಕರ್ನಾಟಕ ಹೈಕೋರ್ಟಿನ ಸಂಖ್ಯೆಯಲ್ಲಿ ‘ಕೆಎಚ್‌ಸಿ’ ಎಂದಿರುತ್ತದೆ. ಧಾರವಾಡ ಪೀಠದ್ದಾದರೆ ಅದರ ನಂತರ ‘ಡಿ’, ಕಲಬುರಗಿಯದ್ದಾದರೆ ‘ಕೆ’ ಸೇರುತ್ತದೆ.

ಇದೇ ವಿವರಗಳನ್ನು ಜೋಡಿಸುವ ಕ್ರಮಕ್ಕೆ ಉಲ್ಲೇಖ ಶೈಲಿ ಎಂದು ಹೆಸರು. ಅಮೆರಿಕದಲ್ಲಿ 1926ರಿಂದ ಬಳಕೆಯಲ್ಲಿರುವ ಬ್ಲೂಬುಕ್, ಆಕ್ಸ್‌ಫರ್ಡ್‌ನಲ್ಲಿ 2000ದಲ್ಲಿ ರೂಪಿಸಿದ ಆಸ್ಕೋಲಾ, ನಮ್ಮ ಭಾರತೀಯ ಕಾನೂನು ಸಂಸ್ಥೆಯ ಶೈಲಿ ಇವು ಹೆಚ್ಚಾಗಿ ಕೇಳಿಬರುವವು. ವ್ಯತ್ಯಾಸ ಬಹಳ ಸೂಕ್ಷ್ಮ. ಬ್ಲೂಬುಕ್ ಪ್ರಕಾರ ‘ವಿ’ ಅಕ್ಷರದ ನಂತರ ಚುಕ್ಕೆ, ಪ್ರಕರಣದ ಹೆಸರಿನ ನಂತರ ಅಲ್ಪವಿರಾಮ ಬೇಕು. ಆಸ್ಕೋಲಾದಲ್ಲಿ ಎರಡೂ ಇರುವುದಿಲ್ಲ. ಇಂಥದ್ದಕ್ಕೆ ಬೆಲೆ ಏಕೆ ಎಂದು ಕೇಳಬಹುದು. ಇನ್ನೂರು ಟಿಪ್ಪಣಿಗಳನ್ನು ತಾಳೆ ನೋಡುವ ಸಂಪಾದಕರ ಕಣ್ಣು ಒಂದೇ ಕ್ರಮಕ್ಕೆ ಒಗ್ಗಿಕೊಂಡಾಗಲೇ ತಪ್ಪಿಹೋದ ಪುಟಸಂಖ್ಯೆ ಥಟ್ಟನೆ ಕಾಣುವುದು.

ಕನ್ನಡದ ಆಕರಗಳ ವಿಷಯ ಇಲ್ಲಿಯೇ ಹೇಳಬೇಕು. ಹುಬ್ಬಳ್ಳಿಯಲ್ಲಿ ಕೇಂದ್ರವಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಗಳಲ್ಲಿ, ಉತ್ತರಗಳನ್ನು ಪೂರ್ತಿಯಾಗಿ ಇಂಗ್ಲಿಷಿನಲ್ಲಿ ಅಥವಾ ಪೂರ್ತಿಯಾಗಿ ಕನ್ನಡದಲ್ಲಿ ಬರೆಯಬಹುದು ಎಂಬ ಸೂಚನೆ ಇರುತ್ತದೆ. ಹಾಗೆ ಕನ್ನಡದಲ್ಲೇ ಕಾನೂನು ಓದಿದವರೂ ಮೇಲೆ ಹೆಸರಿಸಿದ ಜರ್ನಲ್‌ಗಳಿಗೆ ಇಂಗ್ಲಿಷಿನಲ್ಲೇ ಬರೆಯಬೇಕು. ಆದರೆ ಅವರ ಆಕರ ಕನ್ನಡದಲ್ಲಿರಬಹುದು: ಸಾಗುವಳಿ ಚೀಟಿ, ಸದನದ ಚರ್ಚೆ, ಗ್ರಾಮಸಭೆಯ ನಡವಳಿ. ಅವುಗಳನ್ನು ಬಿಡುವ ಅಗತ್ಯವಿಲ್ಲ. ದಾಖಲೆಯ ಹೆಸರನ್ನು ಲಿಪ್ಯಂತರಿಸಿ, ಪಕ್ಕದಲ್ಲಿ ಅರ್ಥ ಕೊಟ್ಟು, ಅನುವಾದ ಲೇಖಕರದೇ ಎಂದು ಟಿಪ್ಪಣಿಯಲ್ಲಿ ತಿಳಿಸಿದರಾಯಿತು. ಕನ್ನಡ ಬಾರದವರಿಗೆ ಎಟುಕದ ದಾಖಲೆಯನ್ನು ಚರ್ಚೆಗೆ ತರುವುದು ಲೇಖನಕ್ಕೆ ನಿಜವಾದ ಬಲ.

ಕಡತವನ್ನು ಸಿದ್ಧಪಡಿಸುವುದು

ಹೆಸರನ್ನು ಮೊದಲ ಪುಟದಿಂದ ಅಳಿಸಿದರೆ ಅನಾಮಧೇಯವಾಯಿತು ಎಂದುಕೊಳ್ಳುವವರೇ ಹೆಚ್ಚು. ವರ್ಡ್ ಕಡತದೊಳಗೆ ಲೇಖಕರ ಹೆಸರು ಅಡಗಿ ಕೂತಿರುತ್ತದೆ. ‘ಫೈಲ್’, ‘ಇನ್ಫೋ’, ‘ಚೆಕ್ ಫಾರ್ ಇಶ್ಯೂಸ್’, ‘ಇನ್‌ಸ್ಪೆಕ್ಟ್ ಡಾಕ್ಯುಮೆಂಟ್’ ಎಂಬ ದಾರಿಯಲ್ಲಿ ಹೋಗಿ ಅದನ್ನು ತೆಗೆಯಬೇಕು. ಕಡತದ ಹೆಸರಿನಲ್ಲೇ ಲೇಖಕರ ಹೆಸರು ಇರಬಾರದು. ಮಾರ್ಗದರ್ಶಕರಿಗೆ ಕೃತಜ್ಞತೆ ಹೇಳುವ ಮೊದಲ ಟಿಪ್ಪಣಿಯನ್ನು ಸ್ವೀಕೃತಿಯ ನಂತರ ಸೇರಿಸಬಹುದು. ‘ನನ್ನ ಹಿಂದಿನ ಲೇಖನದಲ್ಲಿ ವಾದಿಸಿದಂತೆ’ ಎಂಬ ವಾಕ್ಯವೂ ಗುರುತು ಬಿಟ್ಟುಕೊಡುತ್ತದೆ. ಆ ಲೇಖನವನ್ನು ಬೇರೆಯವರದೆಂಬಂತೆ ಉಲ್ಲೇಖಿಸುವುದು ರೂಢಿ.

ಹಸ್ತಪ್ರತಿಯ ಜೊತೆಗೆ ಒಂದು ಪ್ಯಾರಾದ ಸಾರಾಂಶ ಹೋಗಬೇಕು. ‘ಈ ಲೇಖನವು ತಿದ್ದುಪಡಿಯನ್ನು ಚರ್ಚಿಸುತ್ತದೆ’ ಎಂದು ಬರೆದರೆ ಅದು ಪರಿವಿಡಿ. ‘ತಿದ್ದುಪಡಿಯು ಕಾಲಮಿತಿಯನ್ನು ತೆಗೆದರೂ ವಿಳಂಬದ ತತ್ವವನ್ನು ತೆಗೆದಿಲ್ಲ, ಕಾರಣ ಇದು’ ಎಂದು ತೀರ್ಮಾನವನ್ನೇ ಬರೆದರೆ ಅದು ಸಾರಾಂಶ. ಹೆಸರು, ಸಂಸ್ಥೆ, ಮಿಂಚಂಚೆ, ಈ ಬರಹ ಬೇರೆಲ್ಲೂ ಪ್ರಕಟವಾಗಿಲ್ಲ ಎಂಬ ಹೇಳಿಕೆ ಇವೆಲ್ಲ ಪ್ರತ್ಯೇಕ ಪತ್ರದಲ್ಲಿ.

ಒಂದೇ ಸಲಕ್ಕೆ ಎಷ್ಟು ಕಡೆ

ಅಮೆರಿಕದ ವಿದ್ಯಾರ್ಥಿ ಸಂಪಾದಿತ ಜರ್ನಲ್‌ಗಳಿಗೆ ಒಂದೇ ಹಸ್ತಪ್ರತಿಯನ್ನು ಏಕಕಾಲಕ್ಕೆ ಹತ್ತಾರು ಕಡೆ ಕಳುಹಿಸುವುದು ಅಲ್ಲಿನ ಒಪ್ಪಿತ ಪದ್ಧತಿ. ಸ್ಕೊಲಾಸ್ಟಿಕಾ ಎಂಬ ತಾಣದ ಮೂಲಕ, ಮುಖ್ಯವಾಗಿ ಫೆಬ್ರವರಿಯ ಸುಮಾರಿಗೆ ಮತ್ತು ಆಗಸ್ಟ್‌ನಲ್ಲಿ ಇದು ನಡೆಯುತ್ತದೆ. ಒಂದು ಜರ್ನಲ್ ಒಪ್ಪಿಕೊಂಡರೆ, ಅದನ್ನು ತಿಳಿಸಿ ಉಳಿದವರನ್ನು ಬೇಗ ನಿರ್ಧರಿಸಿ ಎಂದು ಕೇಳಬಹುದು. ಪರಾಮರ್ಶೆ ಆಧಾರಿತ ಬಹುಪಾಲು ಜರ್ನಲ್‌ಗಳಲ್ಲಿ, ಬ್ರಿಟನ್ನಿನಲ್ಲೂ ಭಾರತದಲ್ಲೂ, ಇದು ನಿಷಿದ್ಧ. ಪರಾಮರ್ಶಕರು ಸಂಬಳವಿಲ್ಲದೆ, ತಮ್ಮ ಸಮಯ ಕೊಟ್ಟು ಓದುತ್ತಾರೆ. ಎರಡು ಕಡೆ ಏಕಕಾಲಕ್ಕೆ ಕಳುಹಿಸಿದರೆ ಯಾರೋ ಒಬ್ಬರ ಶ್ರಮ ವ್ಯರ್ಥವಾಗುವುದು ಖಚಿತ. ಆದ್ದರಿಂದ ಸೂಚನೆಯ ಪುಟವನ್ನು ಮೊದಲೇ ಓದಿ, ಏಕಕಾಲಿಕ ಸಲ್ಲಿಕೆಗೆ ಸ್ಪಷ್ಟ ಅನುಮತಿ ಇಲ್ಲದಿದ್ದರೆ ಒಂದೇ ಕಡೆ ಕಳುಹಿಸುವುದು ಸರಿಯಾದ ಕ್ರಮ. ಬೇರೆಡೆ ಕಳುಹಿಸಬೇಕೆನಿಸಿದರೆ ಮೊದಲಿನದನ್ನು ಲಿಖಿತವಾಗಿ ಹಿಂಪಡೆಯಬೇಕು.

ಕಳುಹಿಸಿದ ಮೇಲೆ

ಮೊದಲು ಸಂಪಾದಕ ಮಂಡಳಿಯೇ ಒಮ್ಮೆ ನೋಡುತ್ತದೆ. ನ್ಯಾಯಾಲಯದ ಕಚೇರಿಯಲ್ಲಿ ದಾವೆಗೆ ನಂಬರು ಕೊಡುವ ಮುನ್ನ ‘ಆಫೀಸ್ ಆಬ್ಜೆಕ್ಷನ್’ ಹಾಕುವಂತೆ, ಪದಮಿತಿ, ಶೈಲಿ, ವಿಷಯವ್ಯಾಪ್ತಿ ಸರಿಯಿಲ್ಲದ್ದು ಇಲ್ಲೇ ಮರಳುತ್ತದೆ. ದಾಟಿದರೆ ಪರಾಮರ್ಶೆ. ಅದಕ್ಕೆ ತಿಂಗಳುಗಳು ಹಿಡಿಯುತ್ತವೆ.

ಉತ್ತರ ಬರುವುದು ಸಾಮಾನ್ಯವಾಗಿ ಮೂರು ರೂಪಗಳಲ್ಲಿ: ಸ್ವೀಕೃತ, ತಿರಸ್ಕೃತ, ತಿದ್ದಿ ಮರಳಿ ಕಳುಹಿಸಿ. ಮೂರನೆಯದನ್ನು ಓದಿ ಕುಗ್ಗುವವರು ಬಹಳ ಮಂದಿ. ಅದು ತಿರಸ್ಕಾರವಲ್ಲ, ಇಬ್ಬರು ತಿಳಿದವರು ಕೂತು ಓದಿ, ಇದು ನಿಲ್ಲಬಲ್ಲ ಬರಹ ಎಂದುಕೊಂಡದ್ದರ ಗುರುತು. ತಿದ್ದಿದ ಪ್ರತಿಯ ಜೊತೆಗೆ, ಪ್ರತಿಯೊಂದು ಆಕ್ಷೇಪಕ್ಕೂ ಏನು ಬದಲಿಸಲಾಗಿದೆ, ಯಾವ ಪುಟದಲ್ಲಿ ಎಂದು ಸಾಲುಸಾಲಾಗಿ ಉತ್ತರಿಸುವ ಪತ್ರ ಇಡಬೇಕು. ಒಪ್ಪದ ಆಕ್ಷೇಪಕ್ಕೆ ಕಾರಣ ಕೊಟ್ಟು ಒಪ್ಪುವುದಿಲ್ಲ ಎನ್ನಬಹುದು, ಮೌನವಾಗಿ ಬಿಟ್ಟುಬಿಡಬಾರದು.

ಎರವಲು ಮಾತು ಮತ್ತು ಯಂತ್ರದ ಮಾತು

ಕೃತಿಚೌರ್ಯದ ಬಗ್ಗೆ ಯುಜಿಸಿಯ 2018ರ ನಿಯಮಾವಳಿ ಅನ್ವಯಿಸುತ್ತದೆ. ಹೋಲಿಕೆ ಶೇ 10ರವರೆಗೆ ಇದ್ದರೆ ದಂಡನೆ ಇಲ್ಲ. ಅದರಾಚೆ ಶೇ 40, ಶೇ 60 ಎಂಬ ಗಡಿಗಳ ಪ್ರಕಾರ ಕ್ರಮ ಬಿಗಿಯಾಗುತ್ತ, ಹಸ್ತಪ್ರತಿ ಹಿಂಪಡೆಯುವುದರಿಂದ ಹಿಡಿದು ಅಧ್ಯಾಪಕರ ವಾರ್ಷಿಕ ವೇತನ ಬಡ್ತಿ ತಡೆಯುವವರೆಗೆ ಹೋಗುತ್ತದೆ. ಆಕರ ಹೇಳಿದ ಉದ್ಧರಣೆ, ಕಾನೂನಿನ ಪಠ್ಯ, ಸತತ 14 ಪದಗಳವರೆಗಿನ ಸಾಮಾನ್ಯ ಮಾತು ಈ ಲೆಕ್ಕಕ್ಕೆ ಬರುವುದಿಲ್ಲ. ಕಾನೂನು ಬರಹದಲ್ಲಿ ವಿಶೇಷವಾಗಿ ಎಡವುವುದು ತಲೆಟಿಪ್ಪಣಿಗಳಲ್ಲಿ. ತೀರ್ಪಿನ ಮೂಲ ಪಠ್ಯವನ್ನು ಮರುಮುದ್ರಿಸುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ. ಆದರೆ ತೀರ್ಪಿನ ಮೇಲ್ಭಾಗದಲ್ಲಿ ಪ್ರಕಾಶಕರು ಬರೆದು ಸೇರಿಸಿದ ಸಾರ ಅವರ ಸ್ವಂತ ಕೃತಿ. ಅದನ್ನು ನ್ಯಾಯಮೂರ್ತಿಯ ಮಾತೆಂದು ಉದ್ಧರಿಸಿದರೆ ಎರಡು ತಪ್ಪು ಒಟ್ಟಿಗೆ ಆಗುತ್ತವೆ.

ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಬಳಸಿದ್ದರೆ ತಿಳಿಸಬೇಕೆಂದು ಹಲವು ಜರ್ನಲ್‌ಗಳು ಈಗ ಕೇಳುತ್ತವೆ. 2023ರ ಜೂನ್‌ನಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವೊಂದು, ಚಾಟ್‌ಜಿಪಿಟಿ ಸೃಷ್ಟಿಸಿದ, ಎಲ್ಲೂ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 5,000 ಡಾಲರ್ ದಂಡ ಹಾಕಿತು. ಆ ಸುಳ್ಳು ಉಲ್ಲೇಖಗಳಿಗೂ ಸಂಪುಟ, ಪುಟ ಎಲ್ಲವೂ ಇದ್ದವು. ಸರ್ವೆ ನಂಬರು ಇತ್ತು, ಹೊಲ ಇರಲಿಲ್ಲ.

ಹಣ ಕೇಳುವ ಜರ್ನಲ್

ಕೇರ್ ಪಟ್ಟಿ ಹೋದ ಮೇಲೆ ಲೇಖಕರು ತಾವೇ ನೋಡಿಕೊಳ್ಳಬೇಕಾದದ್ದು ಇದು. ಐಎಸ್‌ಎಸ್‌ಎನ್ ಎಂಬ ಎಂಟು ಸ್ಥಾನಗಳ ಸಂಖ್ಯೆ ಗುಣಮಟ್ಟದ ಮುದ್ರೆಯಲ್ಲ. ವಾಹನದ ನೋಂದಣಿ ಸಂಖ್ಯೆ ಹೇಗೋ ಇದೂ ಹಾಗೆ. ಗಾಡಿ ಯಾವುದೆಂದು ಹೇಳುತ್ತದೆ, ಬ್ರೇಕು ಹಿಡಿಯುತ್ತದೆಯೇ ಎಂದು ಹೇಳುವುದಿಲ್ಲ. ನಾಲ್ಕೈದು ದಿನಗಳಲ್ಲಿ ಸ್ವೀಕೃತಿ, ಒಂದು ಸಾಲಿನ ತಿದ್ದುಪಡಿಯೂ ಇಲ್ಲ, ಪ್ರಮಾಣಪತ್ರಕ್ಕೆ ಇಷ್ಟು ಸಹಲೇಖಕರಿಗೆ ಇಷ್ಟು ಎಂಬ ದರಪಟ್ಟಿ, ಕಾನೂನಿನಿಂದ ಕೃಷಿಯವರೆಗೆ ಎಲ್ಲ ವಿಷಯಕ್ಕೂ ಸ್ವಾಗತ: ಇವಿಷ್ಟು ಒಟ್ಟಿಗೆ ಕಂಡರೆ ಅಲ್ಲಿ ಓದುವವರು ಇಲ್ಲವೆಂದೇ ಅರ್ಥ. ಶುಲ್ಕವೊಂದೇ ಮೋಸದ ಗುರುತಲ್ಲ, ಮುಕ್ತ ಓದಿಗೆ ಇಡುವ ಕೆಲವು ಪ್ರತಿಷ್ಠಿತ ಜರ್ನಲ್‌ಗಳೂ ಶುಲ್ಕ ಪಡೆಯುತ್ತವೆ. ಪರೀಕ್ಷಿಸುವ ಸುಲಭ ದಾರಿಯೆಂದರೆ, ಹಿಂದಿನ ಎರಡು ಸಂಚಿಕೆಗಳಿಂದ ಒಂದೊಂದು ಲೇಖನ ತೆಗೆದು, ಅವುಗಳ ಐದೈದು ಅಡಿಟಿಪ್ಪಣಿಗಳನ್ನು ಮೂಲದೊಡನೆ ತಾಳೆ ನೋಡುವುದು. ಸಂಪಾದಕ ಮಂಡಳಿಯಲ್ಲಿ ಹೆಸರಿರುವವರ ಸಂಸ್ಥೆಯ ಪುಟದಲ್ಲೂ ಆ ವಿಷಯವಿದೆಯೇ ಎಂದು ಹುಡುಕಬಹುದು.

ಸಹಿ ಹಾಕುವ ಮುನ್ನ

ಸ್ವೀಕೃತಿಯಾದ ಮೇಲೆ ಒಂದು ಕರಾರು ಬರುತ್ತದೆ. ಸಂತೋಷದ ಭರದಲ್ಲಿ ಓದದೆ ಸಹಿ ಹಾಕುವವರಲ್ಲಿ ಕಾನೂನು ಓದಿದವರೂ ಇದ್ದಾರೆ. ಅದರಲ್ಲಿ ನೋಡಬೇಕಾದ ಮುಖ್ಯ ಮಾತು, ಕೃತಿಸ್ವಾಮ್ಯವನ್ನೇ ವರ್ಗಾಯಿಸುತ್ತಿದ್ದೀರೋ, ಪ್ರಕಟಿಸಲು ಪರವಾನಗಿ ಮಾತ್ರ ಕೊಡುತ್ತಿದ್ದೀರೋ ಎಂಬುದು. ಹೊಲವನ್ನು ಕ್ರಯಕ್ಕೆ ಕೊಡುವುದಕ್ಕೂ ಗುತ್ತಿಗೆಗೆ ಕೊಡುವುದಕ್ಕೂ ಇರುವ ಅಂತರವೇ ಇಲ್ಲಿಯೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ವರ್ಗಾವಣೆ ಲಿಖಿತವಾಗಿರಬೇಕು. ಅವಧಿ ಹೇಳದಿದ್ದರೆ ಐದು ವರ್ಷವೆಂದೂ, ಪ್ರದೇಶ ಹೇಳದಿದ್ದರೆ ಭಾರತದೊಳಗೆ ಮಾತ್ರವೆಂದೂ ಭಾವಿಸಬೇಕು. ಮುಂದೆ ಅದೇ ಲೇಖನವನ್ನು ಪ್ರಬಂಧದ ಅಧ್ಯಾಯವಾಗಿ ಸೇರಿಸುವ, ಕನ್ನಡಕ್ಕೆ ಅನುವಾದಿಸಿ ಪ್ರಕಟಿಸುವ ಯೋಚನೆಯಿದ್ದರೆ, ಆ ಎರಡು ಹಕ್ಕುಗಳನ್ನು ಲೇಖಕರೇ ಉಳಿಸಿಕೊಳ್ಳುತ್ತಾರೆ ಎಂಬ ಒಂದು ವಾಕ್ಯವನ್ನು ಸೇರಿಸಲು ಸಂಪಾದಕರನ್ನು ಕೇಳಬೇಕು. ಕೇಳುವ ಸಮಯ ಸಹಿಗೆ ಮೊದಲು.